ಮುಖಲಕ್ಷಣ

ಕೂಸು ಹುಟ್ಟಿದ ಮನೆಗೆ ಹೋದವರು ಮೊಟ್ಟಮೊದಲು ಕೇಳುವ ಪ್ರಶ್ನೆ 'ಯಾರ ಹಾಗೆ ಇದೆ?' ಎಂಬದು. ತಾಯಿಯ ಕಣ್ಣೋ, ಅಜ್ಜನ ಮೂಗೋ, ಸೋದರಮಾವನ ಹಣೆಯೋ ಎಂದು ಆ ಅಂಗೈಯಷ್ಟಗಲದ ಮುಖದಲ್ಲಿ ಮನೆತನವನ್ನೆಲ್ಲ ಹುಡುಕಿ, ಒಂದೊಂದು ಅವಯವವನ್ನು ಒಬ್ಬೊಬ್ಬರಿಗೆ ಹಂಚಿಕೊಟ್ಟಲ್ಲದೆ ಬಂದವರಿಗೆ ಸಮಾಧಾನವಾಗದು. ಕೂಸನ್ನು ತಮ್ಮ ಬಳಗದೊಳಗೆ ಕರೆದುಕೊಳ್ಳುವ ರೀತಿ ಇದು. ಇದರಲ್ಲಿ ಪ್ರೀತಿಯೇ ಹೆಚ್ಚು. ಆದರೆ ಮುಖವನ್ನು ನೋಡುವ ಕಣ್ಣು ಇಷ್ಟಕ್ಕೇ ನಿಲ್ಲುವದಿಲ್ಲ. ಹಣೆಯನ್ನು ನೋಡಿ ಆಯುಸ್ಸನ್ನೂ, ಮೂಗನ್ನು ನೋಡಿ ಐಶ್ವರ್ಯವನ್ನೂ ಹೇಳುವ ಸಾಮುದ್ರಿಕವು ನಮ್ಮಲ್ಲಿ ಬಹುಕಾಲದಿಂದ ಬೆಳೆದು ಬಂದಿರುವದು. ಎಲ್ಲಿ ಆಕೃತಿಯೋ ಅಲ್ಲಿ ಗುಣವೆಂದು ಸಂಸ್ಕೃತದ ಪಂಡಿತರೂ ನುಡಿದಿರುವರು. ಅದೇ ಸಂಸ್ಕೃತದ ಬಳಗದಲ್ಲಿಯೇ ಅಷ್ಟಾವಕ್ರನ ಕಥೆಯೂ ಉಂಟು. ಎಂಟು ಕಡೆಗೆ ಸೊಟ್ಟಾದ ದೇಹವುಳ್ಳ ಆ ಬಾಲಕನು ಜನಕರಾಜನ ಸಭೆಯನ್ನು ಹೊಕ್ಕಾಗ ಕೂಡಿದವರೆಲ್ಲ ನಕ್ಕರೆಂದೂ, ತೊಗಲನ್ನು ನೋಡಿ ಬೆಲೆಕಟ್ಟುವವರನ್ನು ಪಂಡಿತರೆಂದು ಕರೆಯುವದು ಹೇಗೆಂದು ಅವನು ಕೇಳಿದನೆಂದೂ ಜನರು ಹೇಳುತ್ತ ಬಂದಿರುವರು. ಈ ಎರಡು ಮಾತುಗಳೊಳಗೆ ಯಾವದು ದಿಟವೆಂಬದು ಇಳಕಲ್ಲಿನ ಒಂದು ನೇಕಾರರ ಮನೆಯಲ್ಲಿ ಒಮ್ಮೆ ಪರೀಕ್ಷೆಗೆ ಬಂದಿತು.

ಆ ಮನೆಯ ಪಡಸಾಲೆಯಲ್ಲಿ ಒಂದು ಕುಣಿಮಗ್ಗ; ಮನೆಯ ಅಜ್ಜನು ಬೆಳಗಿನಿಂದ ಸಂಜೆಯ ವರೆಗೆ ಅದರೊಳಗೆ ಕಾಲಿಳಿಬಿಟ್ಟುಕೊಂಡು ಸೀರೆ ನೇಯುವನು. ಮೊದಲನೆಯ ಮೊಮ್ಮಗಳು ಬಾಗಲಕೋಟೆಯಲ್ಲಿ ಹುಟ್ಟಿ ಹನ್ನೆರಡನೆಯ ದಿನ ಮನೆಗೆ ಬಂದಾಗ, ತೊಟ್ಟಿಲದ ಸುತ್ತ ನೆರೆದ ಹೆಂಗಸರು ಎಂದಿನ ಪ್ರಶ್ನೆಯನ್ನು ಕೇಳಲು ಬಾಯಿತೆರೆದು ಸುಮ್ಮನಾದರು. ಕೂಸಿನ ಮುಖ ಚಪ್ಪಟೆಯಾಗಿತ್ತು, ಮೂಗಿನ ದಿಂಡು ಎದ್ದಿರಲಿಲ್ಲ, ಕಣ್ಣುಗಳ ಹೊರತುದಿಗಳು ಓರೆಯಾಗಿ ಮೇಲಕ್ಕೇರಿದ್ದವು, ಕಿವಿಗಳು ಚಿಕ್ಕವು, ಹಿಂದಲೆಯು ಹಲಗೆಗೆ ಒತ್ತಿದಂತೆ ಸಪಾಟು, ನಾಲಗೆಯ ತುದಿ ತುಟಿಗಳ ನಡುವೆ ಇಣಿಕುತ್ತಿತ್ತು. ಎತ್ತಿಕೊಂಡರೆ ಮೈಯೆಲ್ಲ ಅರಳೆಯ ಹಾಗೆ ಮೆತ್ತಗೆ. ಕೊನೆಗೆ ಅಜ್ಜಿಯೇ ಬಾಯಿಬಿಟ್ಟಳು:

“ಯಾರ ಮಾರಿ ಹೊತ್ತು ಬಂತವಾ ಈ ಕೂಸು? ನಮ್ಮ ಮನ್ಯಾಗ ಹಿಂಗ ಯಾರೂ ಇಲ್ಲ.”

ಆ ಮಾತಿಗೆ ಉತ್ತರ ಕೊಡಲು ಹತ್ತು ಮಂದಿ ಮುಂದಾದರು. ಬಸುರಿಯಿದ್ದಾಗ ಗ್ರಹಣದಲ್ಲಿ ಅಂಗಳಕ್ಕೆ ಬಂದಳೆಂದು ಒಬ್ಬರು. ಸೋದರಮಾವನಿಗೇ ಕೊಟ್ಟದ್ದರ ಫಲವೆಂದು ಇನ್ನೊಬ್ಬರು. ತವರಿನವರು ಏನನ್ನೋ ಮುಚ್ಚಿಟ್ಟಿರಬೇಕೆಂದು ಮತ್ತೊಬ್ಬರು. ಲಕ್ಷಣ ನೋಡುವದರಲ್ಲಿ ಹೆಸರಾದ ಬಳಗದ ಹಿರಿಯರೊಬ್ಬರು ಕೂಸಿನ ಮುಖವನ್ನು ದೀಪದ ಬೆಳಕಿಗೆ ಹಿಡಿಸಿ ನೋಡಿ, “ಹಣೆಬರಹ ಮಾರಿ ಮ್ಯಾಲೇ ಬರದೈತಿ. ಅನ್ನಾ ಹಾಕ್ರಿ, ಅಕ್ಷರದ ಆಸೆ ಬಿಡ್ರಿ” ಎಂದು ತೀರ್ಪು ಕೊಟ್ಟು ಎದ್ದುಹೋದರು. ಬಾಣಂತಿಯು ಗೋಡೆಯ ಕಡೆಗೆ ಮುಖಮಾಡಿ ಮಲಗಿದಳು. ಅಜ್ಜಿಯು ಮಾತ್ರ ತೀರ್ಪಿಗೆ ಪೂರಾ ಒಪ್ಪಲಿಲ್ಲ. ನಮ್ಮ ಕಡೆಯ ಹಳೆಯ ಹೆಂಗಸರು ಎರೆಯುವಾಗ ಕೂಸಿನ ತಲೆಯನ್ನು ಅಂಗೈಯಿಂದ ಒತ್ತಿ ದುಂಡಗೆ ಮಾಡುವದೂ, ಎಣ್ಣೆಬೆರಳಿನಿಂದ ಮೂಗನ್ನು ಎಳೆದೆಳೆದು ಚೂಪುಮಾಡುವದೂ ಉಂಟಷ್ಟೆ. ಅವಳು ದಿನಕ್ಕೆ ಎರಡು ಹೊತ್ತು ಆ ಚಿಕ್ಕ ಮೂಗನ್ನು ಎಳೆಯಹತ್ತಿದಳು. ಮೂಗು ಎದ್ದಿತೆಂದರೆ ಬರಹ ತಿದ್ದಿತೆಂಬದು ಅವಳ ನಂಬಿಕೆ.

ತಿಂಗಳು ತುಂಬಿದ ಮೇಲೆ ಕೂಸನ್ನು ಬಾಗಲಕೋಟೆಯ ಮಕ್ಕಳ ವೈದ್ಯೆಯೊಬ್ಬರ ಬಳಿಗೆ ಒಯ್ದರು. 1906ರಲ್ಲಿ ಸ್ಥಾಪಿತವಾದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು ಆ ಊರಿನಲ್ಲಿ ಕಟ್ಟಿದ ವಿದ್ಯಾಲಯಗಳೊಳಗೆ ವೈದ್ಯಕೀಯ ಮಹಾವಿದ್ಯಾಲಯವೂ ದಂತವೈದ್ಯ ಮಹಾವಿದ್ಯಾಲಯವೂ ಹಾನಗಲ್ಲ ಶ್ರೀ ಕುಮಾರೇಶ್ವರರ ಹೆಸರಿನ ಆಸ್ಪತ್ರೆಯೂ ಸೇರಿರುವದನ್ನು ವಾಚಕರು ಬಲ್ಲರು; ಹಿಂದೆ ಹುಬ್ಬಳ್ಳಿಗೋ ಮಿರಜಿಗೋ ಹೋಗಬೇಕಾಗುತ್ತಿದ್ದ ರೋಗಿಗಳಿಗೆ ಈಗ ದಾರಿ ಸಮೀಪವಾಗಿದೆ. ವೈದ್ಯೆಯು ಕೂಸಿನ ಎದೆಯ ಸದ್ದು ಕೇಳಿ, ಅಂಗೈ ಬಿಡಿಸಿ ನೋಡಿ, ನೆತ್ತಿ ಮುಟ್ಟಿ, ಒಂದಿಷ್ಟು ರಕ್ತವನ್ನು ತೆಗೆದು ದೊಡ್ಡ ಊರಿನ ಪ್ರಯೋಗಾಲಯಕ್ಕೆ ಕಳಿಸಿದರು. ಕೆಲವು ವಾರಗಳ ತರುವಾಯ ಬಂದ ಕಾಗದದಲ್ಲಿ ಒಂದು ಸಂಖ್ಯೆಯಿತ್ತು: 47.

ಮನುಷ್ಯನ ದೇಹದ ಒಂದೊಂದು ಜೀವಕೋಶದಲ್ಲಿಯೂ 46 ಕ್ರೋಮೋಸೋಮಗಳು 23 ಜೋಡಿಗಳಾಗಿ ಇರುವವು. ಜೋಡಿಯಲ್ಲಿ ಒಂದು ತಾಯಿಯದು, ಇನ್ನೊಂದು ತಂದೆಯದು. ಕ್ರೋಮೋಸೋಮವೆಂಬ ಗ್ರೀಕ ಮೂಲದ ಹೆಸರಿಗೆ ಬಣ್ಣದ ಕಾಯವೆಂದು ಅರ್ಥ. ಬಣ್ಣವೇರಿಸಿ ಸೂಕ್ಷ್ಮದರ್ಶಕದಲ್ಲಿ ಇಟ್ಟಾಗ ಎದ್ದುಕಾಣುವದರಿಂದ ಆ ಹೆಸರು ಬಂದಿತು. ಕನ್ನಡದಲ್ಲಿ ಅದಕ್ಕೆ ವರ್ಣತಂತು ಎಂದಿರುವರು, ಅಂದರೆ ಬಣ್ಣದ ಎಳೆ. ಇಳಕಲ್ಲಿನ ನೇಕಾರನಿಗೆ ಈ ಶಬ್ದವನ್ನು ಬಿಡಿಸಿ ಹೇಳುವ ಪ್ರಸಂಗ ಬರಲಿಲ್ಲ. 21ನೆಯ ಜೋಡಿಯಲ್ಲಿ ಎರಡರ ಬದಲು ಮೂರು ಎಳೆಗಳಿರುವವೆಂದು ವೈದ್ಯೆಯು ಹೇಳಿದಾಗ ಅಜ್ಜನು ಕೊಂಚ ಹೊತ್ತು ಯೋಚಿಸಿ ಕೇಳಿದನು:

“ಅಂದ್ರ ಬಾಯಾರ, ಹಾಸಿನ್ಯಾಗ ಎಳಿ ಕಡಿಮಿ ಬಿದ್ದಿಲ್ಲ, ಒಂದು ಹೆಚ್ಚಾಗೇತಿ ಅಂದಂಗಾತು?”

“ಹೌದ್ರಿ ಅಜ್ಜಾರ, ಹೆಚ್ಚಾಗೇತಿ.”

ಹಾಸಿನಲ್ಲಿ ಒಂದು ಎಳೆ ಹೆಚ್ಚಾದರೆ ಬಟ್ಟೆ ಹರಿಯುವದಿಲ್ಲ, ಸೆರಗೂ ಅಂಚೂ ಇಲ್ಲದಂತಾಗುವದಿಲ್ಲ. ಉದ್ದಕ್ಕೂ ನೆಯ್ಗೆಯ ಬಿಗಿ ಮಾತ್ರ ಬೇರೆಯಾಗುವದೆಂದು ಆ ಅಜ್ಜನಿಗೆ ಅನುಭವದಿಂದ ಗೊತ್ತು. 21ನೆಯದು ಈ ತಂತುಗಳೊಳಗೆಲ್ಲ ಚಿಕ್ಕದು. ಆದರೂ ಅದರ ಮೇಲೆ 200ರಿಂದ 300ರ ವರೆಗೆ ಜೀನುಗಳಿರುವವು. ಅವು ಒಂದೂವರೆಪಟ್ಟಾಗಿ ಕೆಲಸಮಾಡಹತ್ತಿದರೆ ಕೂಸು ಗರ್ಭದಲ್ಲಿ ರೂಪುಗೊಳ್ಳುವ ಬಿಗಿಯೇ ಬೇರೆಯಾಗುವದು. ಇದಕ್ಕೆ ಡೌನ್ ಸಿಂಡ್ರೋಮ್ ಎಂದು ಹೆಸರು. ಜಗತ್ತಿನ ಎಲ್ಲ ಜನಾಂಗಗಳಲ್ಲಿಯೂ 700ರಿಂದ 1000 ಕೂಸುಗಳಿಗೆ ಸುಮಾರು ಒಂದರಂತೆ ಇಂಥ ಕೂಸು ಹುಟ್ಟುವದು.

ಅನಂತರ ವೈದ್ಯೆಯು ಬಾಣಂತಿಯ ಕಡೆಗೆ ತಿರುಗಿ, ಅವಳಿಗಾಗಿಯೇ ಕೆಲವು ಮಾತುಗಳನ್ನು ಹೇಳಿದರು. ಬೀಜಕೋಶವು ಸಿದ್ಧವಾಗುವಾಗ ಜೋಡಿಗಳು ಬೇರೆಬೇರೆಯಾಗಿ ಒಂದೊಂದೇ ಎಳೆ ಉಳಿಯಬೇಕು. ಒಮ್ಮೊಮ್ಮೆ 21ನೆಯ ಜೋಡಿಯು ಬೇರೆಯಾಗದೆ ಹಾಗೆಯೇ ಉಳಿಯುವದು. ಬಹಳಮಟ್ಟಿಗೆ ಇದು ತಾಯಿಯ ಅಂಡದಲ್ಲಿಯೂ, ಕೆಲವೊಮ್ಮೆ ತಂದೆಯ ಬೀಜದಲ್ಲಿಯೂ ಆಗುವದು. ಗ್ರಹಣ, ಊಟ, ಓಡಾಟ, ಸಿಟ್ಟು, ಶಾಪ ಇವುಗಳಿಗೆ ಇದರಲ್ಲಿ ಕೈಯಿಲ್ಲ. ಸೋದರಿಕೆಯ ಮದುವೆಯಿಂದ ಹೆಚ್ಚಾಗುವ ರೋಗಗಳು ಬೇರೆ ಜಾತಿಯವು. ಇದಕ್ಕೆ ಆ ಮದುವೆ ಕಾರಣವೆಂದು ಸಿದ್ಧವಾಗಿಲ್ಲ. ತಾಯಿಯ ವಯಸ್ಸು ಏರಿದಂತೆ ಸಂಭವವು ಹೆಚ್ಚುವದು ನಿಜ: 25ರಲ್ಲಿ ಸುಮಾರು 1200ಕ್ಕೆ ಒಂದು, 35ರಲ್ಲಿ 350ಕ್ಕೆ ಒಂದು, 40ರಲ್ಲಿ 100ಕ್ಕೆ ಒಂದು. ಆದರೆ ಹೆರುವವರೊಳಗೆ ಚಿಕ್ಕ ವಯಸ್ಸಿನವರೇ ಬಹಳವಾದದ್ದರಿಂದ ಇಂಥ ಕೂಸುಗಳಲ್ಲಿ ಹೆಚ್ಚಿನವುಗಳ ತಾಯಂದಿರು ಎಳೆವಯಸ್ಸಿನವರೇ. ನೂರಕ್ಕೆ ಮೂರುನಾಲ್ಕರಲ್ಲಿ ಮಾತ್ರ ಹೆಚ್ಚಿನ ಎಳೆಯು ಬೇರೊಂದು ತಂತುವಿಗೆ ಅಂಟಿಕೊಂಡಿರುವದು. ಅಂಥಲ್ಲಿ ತಂದೆತಾಯಿಗಳ ರಕ್ತವನ್ನೂ ನೋಡಿಸಿಕೊಳ್ಳಬೇಕಾಗುವದು. ಈ ಕೂಸಿನದು ಆ ಬಗೆಯದಲ್ಲ. “ತಂಗೀ, ನೀ ಏನೂ ಮಾಡಿಲ್ಲ” ಎಂಬ ವೈದ್ಯೆಯ ಮಾತಿಗೆ ಆ ಹುಡುಗಿಯು ತಿಂಗಳೊಪ್ಪತ್ತಿನಿಂದ ತಡೆದಿದ್ದ ಅಳುವನ್ನು ಬಿಟ್ಟು ಅತ್ತಳು.

ಅಜ್ಜಿಯ ಪ್ರಶ್ನೆ ಇನ್ನೂ ಉಳಿದಿತ್ತು. “ಮಾರಿ ಯಾಕ ಹಿಂಗಾತ್ರಿ?”

ಈ ಪ್ರಶ್ನೆಗೆ ಉತ್ತರವು ಎಲುಬಿನಲ್ಲಿದೆ. ಸುಶ್ರುತನು ಎಲುಬುಗಳನ್ನು ಐದು ಬಗೆಯಾಗಿ ವಿಂಗಡಿಸಿರುವನು: ತಲೆ, ಗಲ್ಲ, ಅಂಗುಳ, ಕಣತಲೆಗಳಲ್ಲಿ ಬಿಲ್ಲೆಯಂಥ ಕಪಾಲಾಸ್ಥಿಗಳು, ಹಲ್ಲುಗಳೆಂಬ ರುಚಕಗಳು, ಮೂಗು, ಕಿವಿ, ಕೊರಳು, ಕಣ್ಣಗುಳಿಗಳಲ್ಲಿ ಎಳೆಯದಾದ ತರುಣಾಸ್ಥಿಗಳು, ಉಳಿದಂತೆ ವಲಯ, ನಳಕಗಳು. ಎರಡು ಸಾವಿರ ವರ್ಷಗಳ ಹಿಂದಿನ ಈ ವಿಂಗಡಣೆಯು ಈ ಹೊತ್ತಿನ ವಿಷಯಕ್ಕೂ ಹತ್ತಿರವಾಗಿದೆ. ನೆತ್ತಿಯ ಮೇಲ್ಛಾವಣಿಯೂ ಮುಖದ ಬಹುಭಾಗವೂ ತೆಳುವಾದ ಪೊರೆಯಲ್ಲಿ ನೇರವಾಗಿ ಎಲುಬಾಗುವವು. ಮಿದುಳಿಗೆ ಅಡಿಗಲ್ಲಾದ ಬುರುಡೆಯ ತಳಭಾಗವು ಮೊದಲು ತರುಣಾಸ್ಥಿಯಾಗಿದ್ದು ಆಮೇಲೆ ಗಟ್ಟಿಯಾಗುವದು. ಮುಖವು ಈ ತಳಕ್ಕೆ ಮುಂದಿನಿಂದ ತೂಗುಹಾಕಿದಂತಿರುವದರಿಂದ ತಳವು ಉದ್ದವಾಗಿ ಬೆಳೆದಷ್ಟೂ ಮುಖ ಮುಂದಕ್ಕೆ ಬರುವದು.

ಡೌನ್ ಸಿಂಡ್ರೋಮಿನ ಮಕ್ಕಳಲ್ಲಿ ಈ ತಳವು ಗಿಡ್ಡದು. ಅದಲ್ಲದೆ, ಗರ್ಭದ ನಾಲ್ಕನೆಯ ವಾರದಿಂದ ಎಂಟನೆಯದರ ವರೆಗೆ, ಮುಂದೆ ಮಿದುಳು ಆಗತಕ್ಕ ನಾಳದ ಅಂಚಿನಿಂದ ಒಂದು ಜಾತಿಯ ಜೀವಕೋಶಗಳು ಹೊರಟು ಮುಖದ ಕಡೆಗೆ ಪ್ರಯಾಣಮಾಡಿ ಅಲ್ಲಿ ದವಡೆ, ಗಲ್ಲ, ಮೂಗುಗಳನ್ನು ಕಟ್ಟುವವು. ಇದೇ ಜೀನುಗಳು ಹೆಚ್ಚಾಗಿರುವ ಇಲಿಗಳಲ್ಲಿ ಪರೀಕ್ಷಿಸಿದಾಗ ಹೀಗೆ ಹೊರಟ ಕೋಶಗಳ ಸಂಖ್ಯೆ ಕಡಿಮೆಯೆಂದು ಕಂಡುಬಂದಿದೆ; ಡಿ.ವೈ.ಆರ್.ಕೆ.1ಎ ಎಂಬ ಜೀನು ಇದಕ್ಕೆ ಕಾರಣಗಳೊಳಗೆ ಮುಖ್ಯವಾದದ್ದೆಂದು ತಿಳಿದಿದೆ. ಕಟ್ಟುವ ಆಳುಗಳು ಕಡಿಮೆಯಾದರೆ ಗೋಡೆ ಚಿಕ್ಕದಾಗುವದು. ಮುಖದ ನಡುಭಾಗವು ಹಿಂದಕ್ಕೆ ಉಳಿಯುವದು. ಮೂಗಿನೆಲುಬು ಚಿಕ್ಕದಾಗಿರುವದು; ಗರ್ಭದ 11ರಿಂದ 14ನೆಯ ವಾರದೊಳಗೆ ಸ್ಕ್ಯಾನಿಂಗ್ ಮಾಡಿದಾಗ ಇಂಥ ಬಹಳ ಕೂಸುಗಳಲ್ಲಿ ಅದು ಕಾಣುವದೇ ಇಲ್ಲ. ಮೇಲುದವಡೆ ಕಿರಿದು, ಅಂಗುಳವು ಇಕ್ಕಟ್ಟು. ನಾಲಗೆಯು ಹೊರಗೆ ಬರುವದು ಅದು ದೊಡ್ಡದಾದದ್ದರಿಂದಲ್ಲ. ಬಾಯಿಯ ಕೋಣೆ ಸಣ್ಣದು, ಸ್ನಾಯುಗಳು ಸಡಿಲ. ಹಿಂದಲೆ ಸಪಾಟಾದದ್ದೂ ಇದೇ ಲೆಕ್ಕದ್ದು. ನೆತ್ತಿಯ ಎಲುಬುಗಳು ಕೂಡುವದು ತಡ. ಉಳಿದ ಮಕ್ಕಳಲ್ಲಿ ಒಂದೂವರೆ ವರ್ಷದ ಸುಮಾರಿಗೆ ಮುಚ್ಚಿಕೊಳ್ಳುವ ನೆತ್ತಿಯು ಇವರಲ್ಲಿ ಇನ್ನೂ ಬಹುಕಾಲ ಮೆತ್ತಗಿರುವದು.

“ಆಯೀ, ಮೂಗು ಎಳದರ ಎಲಬು ಬೆಳಿಯೂದಿಲ್ಲ. ಕಿವಿಯಾಗ ಎಣ್ಣಿ ಹಾಕಬ್ಯಾಡ್ರಿ. ಕೂಸಿನ ಕಿವಿ ಮ್ಯಾಲೆ ಮಾತ್ರ ಲಕ್ಷ್ಯ ಇಡ್ರಿ” ಎಂದು ವೈದ್ಯೆಯು ಕಡೆಗೆ ಹೇಳಿದರು. ಅಜ್ಜಿಯು ಮೊದಲನೆಯ ಎರಡು ಮಾತುಗಳನ್ನು ನಡೆಸಿದಳು. ಮೂರನೆಯದು ಅವಳ ಮನಸ್ಸಿನಲ್ಲಿ ನಿಲ್ಲಲಿಲ್ಲ.

ಒಂದೊಂದು ತಂತುವಿನ ಹೆಚ್ಚುಕಡಿಮೆಗೂ ಬುರುಡೆಯಲ್ಲಿ ಒಂದೊಂದು ಗುರುತು ಬೀಳುವದುಂಟು. 18ನೆಯದು ಮೂರಾದರೆ ಹಿಂದಲೆಯು ಉಬ್ಬಿ ಕೆಳದವಡೆಯು ಚಿಕ್ಕದಾಗುವದು. 13ನೆಯದು ಮೂರಾದರೆ ಅನೇಕ ಸಲ ತುಟಿಯೂ ಅಂಗುಳವೂ ಸೀಳಿರುವವು. ಈ ಎರಡರಲ್ಲಿಯೂ ಕೂಸುಗಳು ವರ್ಷ ದಾಟುವದು ಅಪರೂಪ. ಹೆಣ್ಣುಮಗುವಿಗೆ ಎರಡು ಎಕ್ಸ್ ತಂತುಗಳ ಬದಲು ಒಂದೇ ಇದ್ದರೆ ಅದು ಟರ್ನರ್ ಸಿಂಡ್ರೋಮು; ಅದರಲ್ಲಿ ಗದ್ದವು ಚಿಕ್ಕದು, ಅಂಗುಳವು ಎತ್ತರ, ಮೈಕಟ್ಟು ಗಿಡ್ಡ, ಬುದ್ಧಿ ಬಹುತೇಕ ಎಲ್ಲರಂತೆಯೇ. ಆದುದರಿಂದ ಮುಖವನ್ನು ನೋಡುವದು ತಪ್ಪಲ್ಲ. ವೈದ್ಯರೂ ಮುಖವನ್ನೇ ಮೊದಲು ನೋಡುವರು. ನೋಡಿದ ತರುವಾಯ ಏನು ಮಾಡುವರೆಂಬುದರಲ್ಲಿಯೇ ವ್ಯತ್ಯಾಸವಿದೆ. ಸಾಮುದ್ರಿಕನು ಮುಖ ನೋಡಿ ತೀರ್ಪು ಕೊಟ್ಟು ಎದ್ದುಹೋಗುವನು. ವೈದ್ಯನು ಅಲ್ಲಿಂದ ಪರೀಕ್ಷೆಯನ್ನು ಆರಂಭಿಸುವನು.

ವಿದ್ಯಾವಂತರೂ ಈ ತಪ್ಪಿನಿಂದ ಪಾರಾಗಿಲ್ಲವೆಂಬದಕ್ಕೆ ಈ ಸಿಂಡ್ರೋಮಿನ ಹೆಸರೇ ಸಾಕ್ಷಿ. ಜಾನ್ ಲ್ಯಾಂಗ್ಡನ್ ಡೌನ್ ಎಂಬ ಇಂಗ್ಲಿಷ್ ವೈದ್ಯನು 1866ರಲ್ಲಿ ಈ ಲಕ್ಷಣಗಳನ್ನೆಲ್ಲ ಒಟ್ಟುಗೂಡಿಸಿ ಮೊದಲು ವರ್ಣಿಸಿದನು. ಅವನ ವರ್ಣನೆ ಸರಿ, ವಿವರಣೆ ತಪ್ಪು. ಓರೆಗಣ್ಣನ್ನೂ ಚಪ್ಪಟೆ ಮುಖವನ್ನೂ ಕಂಡು ಅವನು ಈ ಮಕ್ಕಳಿಗೆ ಮಂಗೋಲಿಯದ ಜನರ ಹೆಸರಿಟ್ಟನು. ಒಂದು ಇಡೀ ಜನಾಂಗವನ್ನೂ ಲಕ್ಷಾಂತರ ಮಕ್ಕಳನ್ನೂ ಒಂದೇ ಮಾತಿನಲ್ಲಿ ಕೀಳುಮಾಡಿದ ಆ ಹೆಸರು ಸುಮಾರು ನೂರು ವರ್ಷ ಪುಸ್ತಕಗಳಲ್ಲಿ ನಿಂತಿತು. 1961ರಲ್ಲಿ ಕೆಲವು ವಂಶವಾಹಿ ಶಾಸ್ತ್ರಜ್ಞರು ಅದನ್ನು ಬಿಡಬೇಕೆಂದು ಬರೆದರು. 1965ರಲ್ಲಿ ಮಂಗೋಲಿಯದವರ ಕೇಳಿಕೆಯ ಮೇರೆಗೆ ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ಕೈಬಿಟ್ಟಿತು. ಅಷ್ಟರಲ್ಲಿ 1959ರಲ್ಲಿ ಪ್ಯಾರಿಸಿನ ಲೆಜೂನ್, ಮಾರ್ಥ್ ಗೋತಿಯೇ, ಟುರ್ಪಾ ಇವರು 47ನೆಯ ತಂತುವನ್ನು ತೋರಿಸಿಕೊಟ್ಟಿದ್ದರು. ಡೌನನಿಗೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು: ಅವನು 1868ರಲ್ಲಿ ನಾರ್ಮನ್ಸ್‌ಫೀಲ್ಡ್ ಎಂಬ ಮನೆಯನ್ನು ತೆರೆದು ಇಂಥ ಮಕ್ಕಳಿಗೆ ವಿದ್ಯೆ ಕಲಿಸಿದನು, ಅಲ್ಲಿ ನಾಟಕಶಾಲೆಯನ್ನೂ ಕಟ್ಟಿಸಿದನು. ಅವನು ತೀರಿಕೊಂಡು ಒಂಬತ್ತು ವರ್ಷಗಳಾದ ಮೇಲೆ, 1905ರಲ್ಲಿ, ಅವನ ಮಗನಿಗೆ ಹುಟ್ಟಿದ ಮೊಮ್ಮಗನಿಗೂ ಇದೇ ಮುಖವಿತ್ತು. ಆ ಕೂಸಿಗೆ ಅಜ್ಜನ ಹೆಸರನ್ನೇ ಇಟ್ಟರು. ಪರಜನಾಂಗದ್ದೆಂದು ಬರೆದ ಮುಖವು ಬರೆದವನ ಮನೆಯದೇ ಆಯಿತು.

ಇತ್ತ ಇಳಕಲ್ಲಿನಲ್ಲಿ ಹುಡುಗಿಯು ಎರಡು ವರ್ಷಕ್ಕೆ ಕುಳಿತು, ಮೂರಕ್ಕೆ ನಡೆದಳು. ಕೂಡದ ನೆತ್ತಿಯನ್ನು ಕಂಡು ವೈದ್ಯೆಯು ಥೈರಾಯ್ಡ್ ಗ್ರಂಥಿಯನ್ನೂ ಪರೀಕ್ಷಿಸಿದರು; ಎದೆಯ ಪರೀಕ್ಷೆಯನ್ನೂ ಮಾಡಿಸಿದರು. ಇಂಥ ಮಕ್ಕಳೊಳಗೆ ಸುಮಾರು ಅರ್ಧದಷ್ಟು ಮಂದಿಗೆ ಹೃದಯದ ದೋಷವಿರುವದು, ಇವಳಿಗೆ ಇರಲಿಲ್ಲ. ಆದರೆ ನಾಲ್ಕು ತುಂಬಿದರೂ ಮಾತು ಬರಲಿಲ್ಲ. ಕರೆದರೆ ಓ ಅನ್ನಳು. ಮಗ್ಗದ ಮಗ್ಗುಲಲ್ಲಿಯೇ ಕೌದಿ ಹಾಸಿ ಮಲಗಿಸಿದರೆ ಲಾಳಿಯ ಬಡಿತಕ್ಕೆ ಕಣ್ಣೆವೆ ಕೂಡ ಅಲುಗದು. “ಸದ್ದಿಗೆ ಒಗ್ಗ್ಯಾಳ, ನೇಕಾರರ ಮಗಳಲ್ಲೇನು” ಎಂದು ಮನೆಯವರು ನಗುವರು. ಕರೆದಾಗ ಬಾರದಿದ್ದರೆ “ಪಾಪ, ತಿಳಿಯೂದಿಲ್ಲ” ಎನ್ನುವರು. ಹತ್ತಿರದ ಶಾಲೆಯೊಂದರಲ್ಲಿ ಸೇರಿಸಿಕೊಳ್ಳುವಿರಾ ಎಂದು ಕೇಳಲು ಹೋದ ತಾಯಿಗೆ, ಅಲ್ಲಿಯ ಹಿರಿಯರು ಹುಡುಗಿಯ ಮುಖವನ್ನೊಮ್ಮೆ ನೋಡಿ, ಬೇರೆ ಕಡೆಗೆ ಕೇಳಿರೆಂದರು. ದೀಪದ ಬೆಳಕಿನಲ್ಲಿ ಕೊಟ್ಟ ತೀರ್ಪು ಹೀಗೆ ದಿನದಿನಕ್ಕೆ ಗಟ್ಟಿಯಾಗುತ್ತ ನಡೆಯಿತು.

2013ರಿಂದ ನಡೆದಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮೇರೆಗೆ ಅಂಗನವಾಡಿಗಳಿಗೂ ಶಾಲೆಗಳಿಗೂ ವೈದ್ಯರ ತಂಡಗಳು ಬಂದು ಮಕ್ಕಳನ್ನು ಪರೀಕ್ಷಿಸುವವು. ಅವರು ನೋಡತಕ್ಕ ಹುಟ್ಟುದೋಷಗಳ ಪಟ್ಟಿಯಲ್ಲಿ ಡೌನ್ ಸಿಂಡ್ರೋಮೂ ಕಿವುಡೂ ಸೇರಿರುವವು. ಒಂದು ದಿನ ಅಂಥ ತಂಡದ ವೈದ್ಯನು ಅಂಗನವಾಡಿಯಲ್ಲಿ ಆಡುತ್ತ ಕುಳಿತ ಹುಡುಗಿಯ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿದನು. ಹತ್ತು ಮಕ್ಕಳು ತಿರುಗಿ ನೋಡಿದರು; ಅವಳೊಬ್ಬಳು ನೋಡಲಿಲ್ಲ. ಇನ್ನೊಮ್ಮೆ ತಟ್ಟಿದನು. ಆಗಲೂ ಇಲ್ಲ. ಕಾಗದದ ಮೇಲೆ ಒಂದು ಸಾಲು ಬರೆದು ಬಾಗಲಕೋಟೆಯ ಕಿವಿಯ ವೈದ್ಯರಲ್ಲಿಗೆ ಕಳಿಸಿದನು.

ಅಲ್ಲಿ ತಿಳಿದದ್ದಿಷ್ಟು. ಮುಖದ ನಡುಭಾಗವು ಹಿಂದಕ್ಕೆ ಉಳಿದಿರುವ ಮಕ್ಕಳಲ್ಲಿ, ಗಂಟಲಿನಿಂದ ನಡುಗಿವಿಗೆ ಗಾಳಿ ಒಯ್ಯುವ ನಾಳವೂ ಇಕ್ಕಟ್ಟು. ಅದನ್ನು ತೆರೆಯುವ ಸ್ನಾಯುವೂ ಸಡಿಲ. ಗಾಳಿಯಾಡದ ಕೋಣೆಯಲ್ಲಿ ನೀರು ನಿಲ್ಲುವಂತೆ ಕಿವಿತಮಟೆಯ ಹಿಂದೆ ಅಂಟಾದ ದ್ರವವು ನಿಲ್ಲುವದು. ಹೊರಗಿವಿಯ ಕೊಳವೆಯೂ ಕಿರಿದಾದದ್ದರಿಂದ ಒಳಗೆ ಏನಿದೆಯೆಂದು ನೋಡುವದೂ ಕಷ್ಟ. ಡೌನ್ ಸಿಂಡ್ರೋಮಿನ ಮಕ್ಕಳಲ್ಲಿ ಮುಕ್ಕಾಲು ಪಾಲಿನಷ್ಟು ಮಂದಿಗೆ ಒಂದಿಲ್ಲೊಂದು ಮಟ್ಟದ ಕಿವಿಮಂದ ಇರಬಹುದೆಂದು ವೈದ್ಯರ ಲೆಕ್ಕ. ತಿಳಿಯದವಳೆಂದು ಎಲ್ಲರೂ ಮರುಗಿದ ಹುಡುಗಿಗೆ ಕೇಳಿಸುತ್ತಿರಲಿಲ್ಲ, ಅಷ್ಟೇ. ಕಿವಿ ಮುಚ್ಚಿದ್ದು ಮುಖದ ಎಲುಬು. ಅದನ್ನು ನಾಲ್ಕು ವರ್ಷ ಹಾಗೆಯೇ ಬಿಟ್ಟದ್ದು ಮುಖವನ್ನು ಓದಿದವರ ಕಣ್ಣು.

ಎರಡೂ ಕಿವಿತಮಟೆಗಳಲ್ಲಿ ಸಣ್ಣ ರಂಧ್ರಮಾಡಿ, ದ್ರವವನ್ನು ತೆಗೆದು, ಗಾಳಿಯಾಡಲು ಅಕ್ಕಿಕಾಳಿಗಿಂತ ಚಿಕ್ಕದಾದ ನಳಿಕೆಗಳನ್ನು ಕೂಡಿಸಿದರು. ಅರಿವಳಿಕೆ ಕೊಡುವ ಮೊದಲು ಕತ್ತಿನ ಮೇಲಣ ಎರಡು ಎಲುಬುಗಳನ್ನು ಜಾಗರೂಕತೆಯಿಂದ ವಿಚಾರಿಸಿದರು. ಈ ಮಕ್ಕಳಲ್ಲಿ ಅವುಗಳ ಕೀಲು ಸಡಿಲವಾ‌ಗಿರುವದುಂಟು. ಮೂರನೆಯ ದಿನ ಹುಡುಗಿಯನ್ನು ಮನೆಗೆ ಕರೆತಂದು ಎಂದಿನಂತೆ ಮಗ್ಗದ ಮಗ್ಗುಲಲ್ಲಿ ಮಲಗಿಸಿದರು. ಅಜ್ಜನು ಕುಣಿಗಿಳಿದು ಲಾಳಿಯನ್ನು ಎಸೆದು ಒಮ್ಮೆ ಬಡಿದನು. ಹುಡುಗಿಯು ಬೆಚ್ಚಿ ಎದ್ದು ಕುಳಿತು, ಎರಡೂ ಕಿವಿಗಳ ಮೇಲೆ ಕೈಯಿಟ್ಟುಕೊಂಡು, ಬಾಯಿತೆರೆದು ಮಗ್ಗವನ್ನೇ ನೋಡಿದಳು. ಅಜ್ಜನ ಕೈ ನಿಂತಿತು. ಒಲೆಯ ಮುಂದಿದ್ದ ಅಜ್ಜಿಯು ಓಡಿಬಂದಳು. ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹುಡುಗಿಯು ಕೈಗಳನ್ನು ಮೆಲ್ಲಗೆ ತೆಗೆದು, ಇನ್ನೊಮ್ಮೆ ಎನ್ನುವಂತೆ ಅಜ್ಜನ ಕಡೆಗೆ ಬೆರಳು ತೋರಿಸಿದಳು. ಅವನು ಬಡಿದನು. ಅಂದು ಸಂಜೆಯ ವರೆಗೆ ಆ ಸೀರೆಯು ಒಂದು ಗೇಣೂ ಸಾಗಲಿಲ್ಲ. ಬಡಿಯುವದೂ ನಗುವದೂ ಇದೇ ನಡೆಯಿತು. ತಿಂಗಳೊಳಗೆ ಅವಳು 'ಟಕ್ಕ' ಎಂದಳು. ಅದೇ ಅವಳ ಮೊದಲ ಮಾತು.

ಅಲ್ಲಿಂದ ಮುಂದೆ ಅಜ್ಜಿಯು ಎಲುಬಿನ ಶಾಸ್ತ್ರವನ್ನು ತನ್ನ ರೀತಿಯಲ್ಲಿ ಕಲಿತಳು. ರಾತ್ರಿ ಹುಡುಗಿಯು ಗೊರಕೆ ಹೊಡೆದು ನಡುನಡುವೆ ಉಸಿರು ಕಟ್ಟಿದಂತಾದರೆ ವೈದ್ಯೆಗೆ ಹೇಳುವಳು. ಉಸಿರಿನ ದಾರಿ ಇಕ್ಕಟ್ಟಾದದ್ದರಿಂದ ಇಂಥ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಈ ತೊಂದರೆ ಉಂಟು. ಹಲ್ಲುಗಳು ತಡವಾಗಿ, ಸಾಲುತಪ್ಪಿ ಬರುವವು, ಕೆಲವು ಬರುವದೇ ಇಲ್ಲ. ಹುಳುಕು ಕಡಿಮೆ, ಆದರೆ ವಸಡಿನ ರೋಗ ಹೆಚ್ಚು. ಆದಕಾರಣ ದಿನಾಲು ಹಲ್ಲುಜ್ಜಿಸುವ ಕೆಲಸವನ್ನು ತಾನೇ ಹಿಡಿದಳು. ಲಾಗಹಾಕುವ ಆಟಕ್ಕೆ ಮಾತ್ರ ಕೊರಳಿನ ಅಂಜಿಕೆಯಿಂದ ಬಿಡಲೊಲ್ಲಳು. ಮಾತು ಕಲಿಸುವವರ ಬಳಿಗೆ ತಾಯಿಯು ವಾರಕ್ಕೊಮ್ಮೆ ಒಯ್ಯುವಳು. ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆಯಿರುವ ನಮ್ಮ ನಾಡಿನಲ್ಲಿ ಆ ವಿದ್ಯೆ ಬಲ್ಲವರು ಅಪರೂಪವಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆಯೂ, 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯೂ ತಾಯಿಯ ಕೈಯೊಳಗಿನ ಬಲವಾದವು. ಆರನೆಯ ವರ್ಷಕ್ಕೆ ಹುಡುಗಿಯು ಸರಕಾರಿ ಶಾಲೆಯ ಒಂದನೆಯ ಇಯತ್ತೆಯಲ್ಲಿ ಕುಳಿತಳು. ಅವಳ ಕಲಿಕೆ ನಿಧಾನ. ಎಲ್ಲರೂ ಒಂದು ವಾರದಲ್ಲಿ ಕಲಿತ ಅಕ್ಷರಕ್ಕೆ ಅವಳಿಗೆ ಎರಡು ತಿಂಗಳು ಬೇಕಾಗುವವು. ಮೂರು ಎಳೆಯ ನೆಯ್ಗೆಯ ಬಿಗಿ ಬುದ್ಧಿಯಲ್ಲಿಯೂ ಇರುವದು. ಅದನ್ನು ಇಲ್ಲವೆನ್ನುವದು ಸುಳ್ಳಾಗುವದು. ಆದರೆ ನಿಧಾನವಾಗಿ ಬಂದ ಅಕ್ಷರವೂ ಅಕ್ಷರವೇ. ಅಮೇರಿಕದಲ್ಲಿ 1983ರ ಸುಮಾರಿಗೆ ಇಂಥವರ ಆಯುಸ್ಸು 25 ವರ್ಷಗಳ ಮಟ್ಟದಲ್ಲಿತ್ತು. ಈಗ 60ರ ಸಮೀಪಕ್ಕೆ ಬಂದಿದೆ. ಈ ನಡುವೆ ತಂತುಗಳು ಬದಲಾಗಲಿಲ್ಲ, ಆರೈಕೆ ಬದಲಾಯಿತು.

ಹುಡುಗಿಗೆ ಮಾತು ಬಂದರೆ ಬನಶಂಕರಿಗೆ ಬರುವೆವೆಂದು ಅಜ್ಜಿಯು ಹರಕೆ ಹೊತ್ತಿದ್ದಳು. ಬನದ ಹುಣ್ಣಿಮೆಗೆ ಮನೆಯವರೆಲ್ಲರೂ ಅಮೀನಗಡ, ಗುಳೇದಗುಡ್ಡಗಳ ಮೇಲೆ ಹಾಯ್ದು ಜಾತ್ರೆಗೆ ಹೋದರು. ತೇರು ನೋಡಿ ಮರುದಿನ ಬಾದಾಮಿಯ ಗುಹೆಗಳನ್ನು ಹತ್ತಿದರು. ಮೊದಲನೆಯ ಗುಹೆಯಲ್ಲಿ ಹದಿನೆಂಟು ಕೈಗಳ ನಟರಾಜನಿರುವನು. ಮೂರನೆಯದನ್ನು ಮಂಗಲೇಶನು ಶಕ 500ರಲ್ಲಿ, ಅಂದರೆ ಕ್ರಿ.ಶ. 578ರಲ್ಲಿ, ಮಾಡಿಸಿದನೆಂದು ಅಲ್ಲಿಯ ಶಾಸನವೇ ಹೇಳುವದು. ಅಷ್ಟು ಎತ್ತರದ ದೇವರುಗಳನ್ನು ಹುಡುಗಿಯು ನೋಡಲಿಲ್ಲ. ಗುಹೆಯ ಜಗಲಿಯ ಕೆಳಗೆ, ಅವಳ ಕಣ್ಣಿನ ಮಟ್ಟಕ್ಕೇ, ಗಣಗಳ ಸಾಲು ಇರುವದು: ಗಿಡ್ಡ ಕಾಲು, ಗುಂಡು ಹೊಟ್ಟೆ, ಒಬ್ಬನಿಗೆ ಚಪ್ಪಟೆ ಮೂಗು, ಒಬ್ಬನಿಗೆ ಉಬ್ಬಿದ ಗಲ್ಲ, ಒಬ್ಬನು ಕುಣಿಯುವನು, ಒಬ್ಬನು ನಗುವನು. ಅವಳು ಒಂದೊಂದರ ಮುಂದೂ ನಿಂತು ಅದರಂತೆಯೇ ಮುಖಮಾಡುತ್ತ ನಡೆದಳು. ಈ ಶಿಲ್ಪಗಳಲ್ಲಿ ಯಾವದೋ ರೋಗದ ಗುರುತು ಹುಡುಕುವದು ಸಲ್ಲದು. ಕಲ್ಲುಕುಟಿಗನು ವೈದ್ಯನ ವಹಿಯನ್ನು ಬರೆಯುತ್ತಿರಲಿಲ್ಲ. ಆದರೂ ಬಗೆಬಗೆಯ ಮೈಕಟ್ಟುಗಳನ್ನು ಶಿವನ ಬಳಗವೆಂದು ಕರೆದು, ಅವರ ಸಾಲಿನ ಮೇಲೆಯೇ ದೇವರ ಮನೆಯನ್ನು ನಿಲ್ಲಿಸಿದನೆಂಬದನ್ನು ಯಾರಾದರೂ ಕಾಣಬಹುದು.

ಎಲುಬುಗಳು ಇದಕ್ಕಿಂತಲೂ ಹಳೆಯ ಸಾಕ್ಷಿಯನ್ನು ನುಡಿಯುವವು. ಸ್ಪೇನ್ ದೇಶದ ಕೋವಾ ನೆಗ್ರಾ ಎಂಬ ಗುಹೆಯಲ್ಲಿ ಸಿಕ್ಕ, ಲಕ್ಷ ವರ್ಷಗಳಿಗೂ ಹಿಂದಿನ ನಿಯಾಂಡರ್ತಲ್ ಕೂಸೊಂದರ ಕಿವಿಯ ಎಲುಬನ್ನು 2024ರಲ್ಲಿ ಶೋಧಿಸಿ ನೋಡಿದರು. ಒಳಗಿವಿಯ ರಚನೆಯು ಡೌನ್ ಸಿಂಡ್ರೋಮಿಗೆ ಹೊಂದುವಂಥದು. ಕೂಸಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ, ತೂಕ ತಪ್ಪದೆ ನಡೆಯಲೂ ಬರುತ್ತಿರಲಿಲ್ಲ. ಆದರೂ ಅದು ಆರು ವರ್ಷವಾದರೂ ಬದುಕಿತ್ತು. ಬೇಟೆಯಾಡಿ ಹೊಟ್ಟೆ ಹೊರೆಯುವ ಗುಂಪಿನಲ್ಲಿ ಅಂಥ ಕೂಸು ಆರು ವರ್ಷ ಬದುಕಿತೆಂದರೆ, ತಾಯಿಯ ತೋಳು ಸೋತಾಗ ಎತ್ತಿಕೊಳ್ಳುವ ಇನ್ನೊಬ್ಬರು ಇದ್ದರೆಂದೇ ಅರ್ಥ. ಅದೇ ವರ್ಷ, ಸುಮಾರು 10,000 ಪ್ರಾಚೀನ ಮನುಷ್ಯರ ಎಲುಬುಗಳ ವಂಶತಂತುಗಳನ್ನು ಪರೀಕ್ಷಿಸಿದವರಿಗೆ ಅವುಗಳಲ್ಲಿ ಆರು ಡೌನ್ ಸಿಂಡ್ರೋಮಿನ ಕೂಸುಗಳು ಸಿಕ್ಕವು. ಅವುಗಳಲ್ಲಿ ಕೆಲವನ್ನು ಮನೆಯೊಳಗೇ ಹೂಳಿದ್ದರು. ಒಂದೆರಡರ ಕೂಡ ಒಡವೆಗಳನ್ನೂ ಇಟ್ಟಿದ್ದರು. ಆ ಕಾಲದವರಿಗೆ ತಂತುಗಳ ಲೆಕ್ಕ ಗೊತ್ತಿರಲಿಲ್ಲ. ಕೂಸು ತಮ್ಮದೆಂಬದು ಗೊತ್ತಿತ್ತು.

ಗುಹೆಯಿಂದ ಇಳಿಯುವ ಮೆಟ್ಟಲುಗಳ ಮೇಲೆ ದಣಿವಾರಿಸಿಕೊಳ್ಳಲು ಕುಳಿತಾಗ, ಜಾತ್ರೆಗೆ ಬಂದ ಪರವೂರ ಹೆಂಗಸೊಬ್ಬಳು ಮಗ್ಗುಲಲ್ಲಿ ಕುಳಿತು ಹುಡುಗಿಯನ್ನು ಬಹಳ ಹೊತ್ತು ದಿಟ್ಟಿಸಿ ನೋಡಿದಳು. ತಾಯಿಯು ಎಂದಿನಂತೆ ತಲೆ ಬಗ್ಗಿಸಿದಳು. ಆ ಹೆಂಗಸು ಕಡೆಗೆ ಕೇಳಿಯೇ ಬಿಟ್ಟಳು:

“ಯಾರ ಹಂಗ ಐತವಾ ಈ ಕೂಸು?”

ಅಜ್ಜಿಯು ಮೊಮ್ಮಗಳ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸುತ್ತ, ಆರು ವರ್ಷಗಳಿಂದ ಉಳಿಸಿಕೊಂಡಿದ್ದ ಉತ್ತರವನ್ನು ಸಾವಕಾಶವಾಗಿ ಹೇಳಿದಳು:

“ನಕ್ಕರ ಅವರಜ್ಜನ ಹಂಗ. ಸಿಟ್ಟು ಬಂದರ ನನ್ನ ಹಂಗ.”